ಮುನಿಸಮ್ಮನನ್ನು ಸಾಕಿದ ಮಾವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾಲಯದ ಹಿಂಬದಿಯ ಕಬ್ಬಿಣದ ಬಾಗಿಲಲ್ಲಿ ಮಾವ ಚಪ್ಪಲಿ ಕಳಚಿ ರಬ್ಬರ್ ಬೂಟಿಗೆ ಕಾಲು ತೂರಿಸುತ್ತಿದ್ದಾರೆ. ಮೈಗೆ ಹಸಿರು ಗೌನು, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಒಳಗೆ ಕಾಲಿಟ್ಟವರು ಕೂಡಲೇ ದೀಪ ಹಾಕುವುದಿಲ್ಲ, ಮೊದಲು ಒಮ್ಮೆ ಕೆಮ್ಮುತ್ತಾರೆ. 'ನಿದ್ದೇಲಿರೋವಾಗ ದಿಢೀರ್ ಅಂತ ಬೆಳಕು ಬಿದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನಲ್ವಾ?' ಎನ್ನುತ್ತಾರೆ.

ಇದು ಮೆದುಳಿನ ಅಧ್ಯಯನಕ್ಕಾಗಿ ಕೋತಿಗಳನ್ನು ಇಟ್ಟಿರುವ ಪ್ರಾಣಿಗೃಹ. ಒಂದು ಕಾಲದಲ್ಲಿ ಓಣಿಯ ಎರಡೂ ಕಡೆಯ ಕೋಣೆಗಳು ತುಂಬಿ ಗಿಜಿಗುಡುತ್ತಿದ್ದವಂತೆ. ಈಗ ಉಳಿದಿರುವುದು ಒಂದೇ ಜೀವ. 'ಸಣ್ಣವ' ಎಂದು ಮಾವ ಹೆಸರಿಟ್ಟ ಎಳೆಯ ಗಂಡು ಕೋತಿ. ಸೇಬು, ಸೌತೆಕಾಯಿ ಬೆರಳುದ್ದ ಹೆಚ್ಚಿ, ನೆನೆಸಿದ ಕಡಲೆಯ ಜೊತೆ ಮಾವ ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ, ಅವನು ಹುಡುಕಿ ತಿನ್ನಲೆಂದು ಅಲ್ಲಲ್ಲಿ ಬಚ್ಚಿಡುತ್ತಾರೆ. ಪೈಪು ಹಿಡಿದು ನೆಲ ತೊಳೆಯುತ್ತಾರೆ. ತೊಳೆಯುವ ಮುಂಚೆ ಬಗ್ಗಿ ಮಲ ನೋಡುತ್ತಾರೆ. ಹೊಟ್ಟೆನೋವು ಬಾಯಿಬಿಟ್ಟು ಹೇಳಲಾಗದ ಜೀವದ ಸುದ್ದಿ ಅಲ್ಲೇ ತಿಳಿಯಬೇಕು.

ಇಲ್ಲಿನ ವಿದ್ಯಾರ್ಥಿಗಳು, ವೈದ್ಯರು, ಗೇಟಿನ ಕಾವಲುಗಾರ, ಎಲ್ಲರಿಗೂ ಅವರು ಮಾವ. ಹನ್ನೆರಡು ವರ್ಷದ ಕೆಳಗೆ ಅವರು ಗಾರೆ ಕೆಲಸದವರು. ಅಣ್ಣ ತಮ್ಮ ಒಟ್ಟಿಗೇ ದುಡಿಯುತ್ತಿದ್ದರು. ಒಂದು ದಿನ ಎರಡನೇ ಮಹಡಿಯ ಸಾರುವೆಯ ಹಲಗೆಯಿಂದ ತಮ್ಮ ಕಾಲು ಜಾರಿ ಬಿದ್ದ. ಪ್ರಾಣ ಉಳಿಯಿತು, ಕತ್ತಿನ ಕೆಳಗೆ ಏನೂ ಉಳಿಯಲಿಲ್ಲ. 'ಇವನ ಮೆದುಳು ಕೈಗೆ ಏಳು ಅಂತ ಈಗಲೂ ಹೇಳ್ತಾನೇ ಇದೆ, ದಾರಿ ತುಂಡಾಗಿದೆ ಅಷ್ಟೇ' ಎಂದರಂತೆ ಆಸ್ಪತ್ರೆಯ ವೈದ್ಯರು. ಆ ಮಾತನ್ನು ಮೆದುಳಿನಿಂದಲೇ ನೇರವಾಗಿ ಕೇಳಿಸಿಕೊಳ್ಳುವ ಸಂಶೋಧನೆ ಇಲ್ಲಿ ನಡೆಯುತ್ತಿದೆ ಎಂದೂ ಅವರೇ ಹೇಳಿದರು. ಮಾವ ಮರುದಿನವೇ ಗೇಟಿನ ಮುಂದೆ ಬಂದು ನಿಂತರು. 'ಓದಿದವನಲ್ಲ, ನನ್ನ ಕೈಲಿ ಇನ್ನೇನಾಗುತ್ತೆ? ಗೂಡು ತೊಳೀತೀನಿ ಅಂದೆ.'

ಅವರು ಸೇರಿದ ವರ್ಷವೇ ಬಂದವಳು ಮುನಿಸಮ್ಮ. ಮಿಕ್ಕವರಿಗೆ ಅವಳೊಂದು ಸಂಖ್ಯೆ. ಊಟ ತಡವಾದರೆ ಬೆನ್ನು ತಿರುಗಿಸಿ ಕೂತು, ಎಷ್ಟು ರಮಿಸಿದರೂ ಮುಖ ತೋರಿಸದ ಹೆಣ್ಣು ಕೋತಿಗೆ ಈ ಹೆಸರಿಟ್ಟವರು ಮಾವ. ಅವಳ ಕೆಲಸ, ಕುರ್ಚಿಯಲ್ಲಿ ಕೂತು ಪರದೆಯ ಮೇಲಿನ ಚುಕ್ಕೆಯನ್ನು ಹಿಡಿಕೆಯೊಂದನ್ನು ತಳ್ಳಿ ಸರಿಸುವುದು. ಸರಿಸಿದರೆ ಹಣ್ಣಿನ ರಸ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನೊಳಗೆ ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಇಳಿಸಿದರು. ನೆತ್ತಿಯ ಮೇಲೆ ಆ ತಂತಿಗಳ ತುದಿ ಸೇರುವ ಲೋಹದ ಒಂದು ಪುಟ್ಟ ಬಿರಡೆ ಬಂತು. ಕೆಲವು ತಿಂಗಳ ಬಳಿಕ ಒಂದು ದಿನ ಕೈ ಅಲ್ಲಾಡದೆಯೇ, ಬರೀ ಮನಸ್ಸಿನಿಂದ, ಚುಕ್ಕೆ ಸರಿಯಿತು. ಕೋಣೆಯಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು.

'ಎಲ್ರೂ ಪರದೆ ನೋಡ್ತಿದ್ರು' ಎನ್ನುತ್ತಾರೆ ಮಾವ. 'ಇವಳು ಸದ್ದಿಗೆ ಹೆದರಿ ನನ್ನ ತೋಳು ಹಿಡ್ಕೊಂಡಿದ್ಳು.'

ಅಂದು ಸಂಜೆ ಮನೆಗೆ ಹೋದವರೇ ತಮ್ಮನ ಮಂಚದ ಅಂಚಿನಲ್ಲಿ ಕೂತು ಎಲ್ಲ ಹೇಳಿದರು.

'ಕೈ ಅಲ್ಲಾಡಿಸದೇನಾ?' ಎಂದ ತಮ್ಮ.

'ಅಲ್ಲಾಡಿಸದೇ.'

ತಮ್ಮ ಅಣ್ಣನ ಕಡೆ ಮುಖ ತಿರುಗಿಸಿದ. ಆಮೇಲೆ, 'ಅಣ್ಣಾ, ಒಂದು ಲೋಟ ಟೀ ಕುಡಿಸು' ಎಂದ. ಅವನಾಗಿಯೇ ಏನನ್ನಾದರೂ ಕೇಳಿ ಪಡೆದು ವರ್ಷವೇ ಆಗಿತ್ತು.

ಈ ಕೆಲಸಕ್ಕೆ ಹೊರಗೆ ಮರ್ಯಾದೆಯಿಲ್ಲ. ಗೇಟಿನ ಮುಂದೆ ಫಲಕ ಹಿಡಿದು ನಿಂತವರು ಒಮ್ಮೆ ಮಾವನನ್ನು ಕಟುಕ ಎಂದು ಕೂಗಿದ್ದರು. 'ಅವರದ್ದೇನೂ ತಪ್ಪಿಲ್ಲ. ಒಳಗೆ ಕೆಲಸ ಇಲ್ದಿದ್ರೆ ನಾನೂ ಅವರ ಜೊತೆ ನಿಲ್ತಿದ್ನೇನೋ' ಎನ್ನುತ್ತಾರೆ. ಹೆಂಡತಿ ಮಾತ್ರ ಬಂಧುಗಳ ಮುಂದೆ ಬಾಯಿ ಬಿಡುವುದಿಲ್ಲ. 'ಏನು ಕೆಲಸ ಅಂತ ಕೇಳಿದ್ರೆ ಆಸ್ಪತ್ರೇಲಿ ಅಂತೀನಿ. ಅದಕ್ಕಿಂತ ಜಾಸ್ತಿ ಹೇಳೋಕೆ ಹೋದ್ರೆ ಅಳು ಬರುತ್ತೆ' ಎನ್ನುತ್ತಾರೆ ಅವರು.

ಎರಡು ವರ್ಷದ ಹಿಂದೆ ಮೇಲಿನ ಮಹಡಿಗೆ ಹೊಸ ಯಂತ್ರ ಬಂತು. ದಪ್ಪ ಲೋಹದ ಗೋಡೆಗಳ ಕೋಣೆ, ಅದರೊಳಗೊಂದು ಶಿರಸ್ತ್ರಾಣ. ಶಿರಸ್ತ್ರಾಣದ ತುಂಬ ಕಡಲೆಬೀಜದಷ್ಟು ಪುಟ್ಟ ಗಾಜಿನ ಗೂಡುಗಳು. ಪ್ರತಿ ಗೂಡಿನಲ್ಲೂ ಪರಮಾಣುಗಳ ಆವಿ, ಆವಿಯ ಮೂಲಕ ಹಾಯುವ ಬೆಳಕು. ಮೆದುಳು ಕೆಲಸ ಮಾಡುವಾಗ ಹುಟ್ಟುವ ಕಾಂತಶಕ್ತಿ ಇದ್ದೂ ಇಲ್ಲದಷ್ಟು ಕ್ಷೀಣ. ಅದಕ್ಕೂ ಆ ಪರಮಾಣುಗಳು ಮಿಸುಕುತ್ತವೆ, ಬೆಳಕು ಬದಲಾಗುತ್ತದೆ. ಇಂಥ ಕ್ವಾಂಟಂ ಸಾಧನಕ್ಕೆ ತಲೆ ಕೊಯ್ಯಬೇಕಿಲ್ಲ, ಮನುಷ್ಯರೇ ಟೋಪಿಯಂತೆ ಹಾಕಿಕೊಂಡು ಕೂರಬಹುದು. 'ಒಂದೊಂದೇ ಜೀವಕೋಶದ ಪಿಸುಮಾತು ಇದಕ್ಕೆ ಕೇಳಿಸಲ್ಲ, ಇಡೀ ಗುಂಪಿನ ಗದ್ದಲ ಕೇಳಿಸುತ್ತೆ. ಮುಂದಿನ ನಮ್ಮ ಕೆಲಸಕ್ಕೆ ಅಷ್ಟು ಸಾಕು' ಎನ್ನುತ್ತಾರೆ ತಂಡದ ಹಿರಿಯ ಸಂಶೋಧಕಿ. ಪ್ರಾಣಿಗೃಹ ಮುಚ್ಚುವುದೆಂದು ತೀರ್ಮಾನವಾಯಿತು.

'ಇನ್ಮೇಲೆ ಯಾವ ತಲೆಗೂ ತೂತು ಬೇಡ ಅಂದ್ರು. ಮನೆಗೆ ಹೋಗಿ ಎಲ್ರಿಗೂ ಹೇಳ್ದೆ. ಖುಷಿಯಾಗಿ ಊಟಕ್ಕೆ ಕೂತೆ. ತುತ್ತು ಬಾಯಿಗಿಡೋವಾಗ ಹೊಳೀತು, ಹಾಗಾದ್ರೆ ಮುನಿಸಮ್ಮ ಎಲ್ಲಿ ಹೋಗ್ತಾಳೆ?'

ದೂರದ ಕಾಡಂಚಿನಲ್ಲಿ ಇಂಥ ಪ್ರಾಣಿಗಳಿಗೊಂದು ಆಶ್ರಯಧಾಮವಿದೆ. ತಲೆಗೆ ಕತ್ತಿ ತಾಗದ ಸಣ್ಣವನನ್ನು ಕರೆದುಕೊಳ್ಳಲು ಅವರು ಒಪ್ಪಿದರು. ಮುನಿಸಮ್ಮನಿಗೆ ಆಗಲ್ಲ ಎಂದರು. ಬಿರಡೆಯ ಸುತ್ತ ಕೀವಾಗಿ ಗಾಯ ಒಳಗಿಳಿಯುತ್ತಿತ್ತು. ಅದನ್ನು ತೆಗೆದರೆ ಅವಳು ಬದುಕುವ ಹಾಗಿರಲಿಲ್ಲ. ಮಾವ ಸಂಶೋಧಕಿಯ ಮೇಜಿನ ಮುಂದೆ ಹೋಗಿ ನಿಂತರು.

'ಮೇಡಂ, ನಾನೇ ಅಲ್ಲಿಗೆ ಹೋಗಿ ದಿನಾ ಗಾಯ ತೊಳೀತೀನಿ.'

'ಎಲ್ಲಿವರೆಗೆ ಮಾವ?'

'ಅವಳು ಇರೋವರೆಗೆ.'

'ಔಷಧಿ ನಾಟ್ತಿಲ್ಲ. ಇರೋ ಅಷ್ಟು ದಿನಾನೂ ನೋವೇ ತಿನ್ನಬೇಕು ಅವಳು.' ಸಂಶೋಧಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ತಂತಿ ಮೆದುಳಲ್ಲಿ ಎಲ್ಲೆಲ್ಲಿ ಕೂತಿತ್ತು ಅಂತ ಅವಳು ಹೋದ ಮೇಲೆ ನೋಡಲೇಬೇಕು. ಇಲ್ಲಾಂದ್ರೆ ಇಷ್ಟು ವರ್ಷ ಅವಳು ಪಟ್ಟಿದ್ದು ನೀರುಪಾಲಾಗುತ್ತೆ. ಬೇರೆ ದಾರಿ ಇದ್ದಿದ್ರೆ ನಾನು ಹಿಡೀತಿರ್ಲಿಲ್ವಾ?'

ಅವಳಿಗೆ ಕೊನೆಯ ಸೂಜಿ ಹಾಕುವ ದಿನ ರಜೆ ಹಾಕಿ ಎಂದು ಎಲ್ಲರೂ ಹೇಳಿದರು. ಮಾವ ಹಾಕಲಿಲ್ಲ. ನೋವು ಹೆಚ್ಚಾದ ಮೇಲೆ ಮುನಿಸಮ್ಮ ಯಾರು ಕರೆದರೂ ಕುರ್ಚಿಯ ಕಡೆ ಬರುತ್ತಿರಲಿಲ್ಲ. ಹಲ್ಲು ಕಿರಿದು ಮೂಲೆ ಸೇರುತ್ತಿದ್ದಳು. ಬಲವಂತವಾಗಿ ಹಿಡಿಯುವುದು ಬೇಡ ಎಂದು ಮಾವನೇ ಕರೆದರು. ಬೆನ್ನು ತಿರುಗಿಸಿ ಕೂತಿದ್ದವಳು ಸ್ವಲ್ಪ ಹೊತ್ತು ಬಿಗುಮಾನ ಮಾಡಿದಳು. ಆಮೇಲೆ ಮೆಲ್ಲಗೆ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಪಶುವೈದ್ಯರು ಸೂಜಿ ಚುಚ್ಚುವಾಗ ಮಾವ ತಮ್ಮ ಗ್ಲೌಸು ಕಳಚಿದರು. ಅದು ನಿಯಮಕ್ಕೆ ವಿರುದ್ಧ. ಅವಳ ಕೈ ಸಡಿಲವಾಗುವವರೆಗೆ, ಸಡಿಲವಾದ ಮೇಲೂ, ಅವರು ಹಿಡಿದುಕೊಂಡೇ ಇದ್ದರು.

'ನೋವು ತೀರ್ತು, ಅದು ಸರೀನೇ. ಆದ್ರೆ ನನ್ನ ಮಾತು ನಂಬಿ ಬಂದ್ಳು ನೋಡಿ, ಅದೊಂದು ನಂಗೆ ಜೀರ್ಣ ಆಗಲ್ಲ.'

ಮನೆಗೆ ಬಂದು ತಮ್ಮನಿಗೆ ಊಟ ಮಾಡಿಸುವಾಗ ಅವನು ಕೇಳಿದನಂತೆ, 'ಅಣ್ಣಾ, ನಂಗೋಸ್ಕರ ಹೋದ್ಳಾ ಅವಳು?' ಮಾವ ಅವನ ಬಾಯಿ ಒರೆಸಿ, ಮುಂದಿನ ತುತ್ತು ಕಲಸಿದರು. 'ಹೌದು ಅಂದ್ರೆ ಅವನು ಊಟ ಬಿಡ್ತಾನೆ. ಇಲ್ಲ ಅಂದ್ರೆ, ಮತ್ತೆ ಅವಳು ಹೋಗಿದ್ದು ಯಾಕೆ?' ಎನ್ನುತ್ತಾರೆ.

ಮುನಿಸಮ್ಮನಿಂದ ತಿಳಿದದ್ದು ಈಗ ಸಂಶೋಧನಾ ಪ್ರಬಂಧವಾಗಿ ಹೊರಬಂದಿದೆ. ಅದರ ಆಧಾರದ ಮೇಲೆ ಬೇರೆಲ್ಲೋ ಒಬ್ಬ ರೋಗಿ ಯಂತ್ರದ ತೋಳಿನಿಂದ ನೀರು ಕುಡಿಯುವ ದಿನ ಬಂದೀತು. ತಮ್ಮನ ಸರದಿ ಬರುವುದು ಅನುಮಾನ, ಅವನ ಶ್ವಾಸಕೋಶ ಸೋಲುತ್ತಿದೆ. ಪ್ರಬಂಧದ ಕೊನೆಯಲ್ಲಿ ನಿಮಗೆ ಧನ್ಯವಾದ ಹಾಕುತ್ತೇವೆ ಎಂದಾಗ ಮಾವ ಬೇಡವೆಂದರು. ಹಾಕುವುದಿದ್ದರೆ ಅವಳ ಹೆಸರು ಹಾಕಿ ಎಂದರು. ಪ್ರಬಂಧದಲ್ಲಿ ಸಂಖ್ಯೆಯಷ್ಟೇ ಇದೆ.

ಬರುವ ತಿಂಗಳು ಸಣ್ಣವ ಹೊರಡುತ್ತಾನೆ. ಮನುಷ್ಯರ ಬಳಕೆ ತಪ್ಪಿಸಿ ಎಂದು ಆಶ್ರಯಧಾಮದವರು ಹೇಳಿದ್ದಾರೆ. ಹಾಗಾಗಿ ಮಾವ ಈಗ ಕೈತುತ್ತು ಕೊಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಸಣ್ಣವ ಸರಳುಗಳ ನಡುವಿಂದ ಕೈ ಚಾಚಿದರೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. 'ಈಗ ಮುನಿಸು ನಂದಾಯ್ತು' ಎಂದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಮೇಲಿನ ಮಹಡಿಯ ಹೊಸ ಕೋಣೆ ಗುಡಿಸಿ ಒರೆಸುವ ಕೆಲಸ ಅವರಿಗೆ ಸಿಕ್ಕಿದೆ. ಆಶ್ರಯಧಾಮದವರು ಯಾವಾಗ ಬೇಕಾದರೂ ಬಂದು ದೂರದಿಂದ ನೋಡಿ ಹೋಗಿ ಎಂದಿದ್ದಾರಂತೆ. ಹೋಗುತ್ತೀರಾ ಎಂದರೆ ಮಾವ ಪೈಪು ಸುತ್ತಿಡುತ್ತಾ ತಲೆಯಾಡಿಸುತ್ತಾರೆ.

'ಇಲ್ಲ, ಹೋಗಲ್ಲ. ಮನುಷ್ಯರ ಸುಳಿವು ಸಿಕ್ಕ ಕೂಡ್ಲೇ ಓಡಿ ಮರ ಹತ್ತಿ ಕೂತ್ಬಿಡ್ತಾನೆ, ಯಾರ ಕೈಗೂ ಸಿಗಲ್ಲ ಅಂತ ಯಾರಾದ್ರೂ ಬಂದು ಹೇಳಿದ್ರೆ ನಂಗಷ್ಟು ಸಾಕು.'