ಮರದ ಪಕ್ಕ ಅಮ್ಮ ನಿಂತ ಫೋಟೊ

ಐವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಲು ಹೊರಟವಳು ನಾನು. ವಿಷಯ ದೃಶ್ಯ ಸಾಕ್ಷರತೆ. ಅಂದರೆ ಕಾಲೇಜು ಮಕ್ಕಳಿಗೆ ಚಿತ್ರ ಓದಲು ಬರುತ್ತದೆಯೇ ಎಂಬುದು. ಮೊದಮೊದಲು ಈ ಸಂಶೋಧನೆಗಳು ‘ಚಿತ್ರದಲ್ಲಿ ಏನಿದೆ’ ಎಂದಷ್ಟೇ ಕೇಳುತ್ತಿದ್ದವಂತೆ. ಈಗ ‘ಏನನ್ನು ತೋರಿಸಿಲ್ಲ, ಯಾಕೆ’ ಎಂದೂ ಕೇಳುತ್ತವೆ. ಇದನ್ನೇ ಹೇಳಿ ಹೇಳಿ ನಾನು ಪಾಠ ಮಾಡುವ ತಿಪಟೂರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರ ತಲೆ ತಿಂದಿದ್ದೆ.

ಮಕ್ಕಳಿಗೆ ಓದಲು ನಾನೇ ತೆಗೆದ ಫೋಟೊ ಕೊಟ್ಟೆ. ಅರಳಗುಪ್ಪೆಯ ನಮ್ಮ ತೋಟದಲ್ಲಿ ಅಮ್ಮ ತೆಂಗಿನ ಮರಕ್ಕೆ ಕೈಯಿಟ್ಟು ನಗುತ್ತಾ ನಿಂತಿದ್ದಾಳೆ. ನಾನು ಹುಟ್ಟಿದ ವರ್ಷ ಅವಳೇ ನೆಟ್ಟ ಮರ. ಎಲ್ಲರೂ ವಾತ್ಸಲ್ಯ, ಹಸಿರು, ನೆಮ್ಮದಿ ಎಂದೆಲ್ಲ ಬರೆದರು. ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಮಾತ್ರ ಒಂದೇ ಸಾಲು ಬರೆದಿದ್ದಳು: ‘ಈ ಮರಕ್ಕೆ ಕಾಂಡ ಸೋರುವ ರೋಗ ಇದೆ.’

ನನಗೋ ಮೂಗಿನ ತುದಿಯಲ್ಲೇ ಕೋಪ. ಸೊನ್ನೆ ಹಾಕಿ, ಕರೆಸಿದೆ.

“ಎದುರಿಗೆ ನಿಂತಿರೋ ನಮ್ಮಮ್ಮ ಕಾಣ್ಲಿಲ್ವೇನೇ ನಿಂಗೆ?”

“ಕಂಡ್ರು ಮೇಡಂ. ಅವ್ರ ಕೈ ನೋಡೇ ಗೊತ್ತಾಗಿದ್ದು. ಅಂಗೈ ಕೆಳಗೆ ಕಂದು ರಸ ಇಳಿದೈತೆ. ಗಾಯ ಮುಚ್ಕಂಡು ನಿಂತವ್ರೆ. ನಮ್ ತೋಟದಲ್ಲೂ ಹಿಂಗೇ ಆಗಿತ್ತು.”

ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ನಿಜ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ, ನನಗೆ ಬೇಕಾಯಿತು. ಸೊನ್ನೆ ಹೊಡೆದು ಹಾಕಿದೆ.

ಸಂಜೆ ಮನೆಗೆ ಹೋದಾಗ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. “ಮರಕ್ಕೆ ರೋಗ ಬಂದಿದೆ ಅಂತ ಹೇಳ್ಬಾರ್ದಾಗಿತ್ತಾ?” ಎಂದು ರೇಗಿದೆ.

“ಹೇಳಿದ್ರೆ ಕಡ್ಸಿ ಹಾಕ್ತಿದ್ದೆ ಕಣೇ. ಕಂಬಳಿಹುಳ ಬಂತು ಅಂತ ಒಂದೇ ಬೆಳಗ್ಗೆ ನುಗ್ಗೆ ಮರ ಕಡ್ಸಿದೋಳು ನೀನು.”

ನನ್ನನ್ನು ಹೆತ್ತವಳು ನನಗೇ ಹೆದರಿ ಮರದ ಗಾಯ ಬಚ್ಚಿಟ್ಟಿದ್ದಳಲ್ಲ ಎಂದು ನೋವಾಯಿತು. ಅವಳ ಮೇಲೆ ಅಷ್ಟೇ ಅಕ್ಕರೆಯೂ ಬಂತು. ಪಕ್ಕ ಕೂತು ಅವರೆಕಾಯಿ ಸುಲಿದೆ.

ಭಾನುವಾರ ನಾನು ಕರೆದೆನೆಂದು ಆ ಹುಡುಗಿ ಅವರಪ್ಪನ ಜೊತೆ ತೋಟಕ್ಕೆ ಬಂದಳು. ಕೊಳೆತ ಭಾಗ ಕೆತ್ತಿ, ಮುಲಾಮು ಬಳಿದು, ಬುಡಕ್ಕೆ ಬೇವಿನ ಹಿಂಡಿ ಹಾಕಿದೆವು. “ಬದುಕ್ತದೆ ಬುಡಿ ಅಜ್ಜಿ” ಎಂದಳು ಹುಡುಗಿ. ಅಮ್ಮ ಅವಳಿಗೆ ಎರಡು ಸಲ ಕಾಫಿ ಕೊಟ್ಟಳು.

ಇನ್ನೊಂದು ಫೋಟೊ ತೆಗೆಯೋಣ ಎಂದೆ. ಅಮ್ಮ ಅದೇ ಜಾಗದಲ್ಲಿ, ಅಭ್ಯಾಸಬಲದಿಂದ ಗಾಯದ ಮೇಲೆ ಕೈಯಿಟ್ಟು ನಿಂತಳು.

“ಕೈ ತೆಗಿಯಮ್ಮ.”

“ಕಡ್ಸಲ್ಲ ತಾನೆ?”

“ಇಲ್ಲಮ್ಮ” ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ತೆಗೆದಳು.