ಮರ್ವ್ ಬಚ್ಚಿಟ್ಟ ಕೆಂಪು ಗೆರೆ

ಬೆಳಗಿನ ಐದೂವರೆ. ಪೋರ್ಟ್ ಹ್ಯಾರಿಯಟ್ ಜೆಟ್ಟಿಯ ಬಾಯಲ್ಲಿರುವ ಗೂಡಂಗಡಿಯಲ್ಲಿ ಎಪ್ಪತ್ತೊಂದರ ಗ್ಲೆನಿಸ್ ಪ್ಯಾಸ್ಕೋ ನಿನ್ನೆ ರಾತ್ರಿಯ ಬಾಣಬಿರುಸುಗಳ ಫೋಟೋಗಳನ್ನು ಕಾಗದಕ್ಕೆ ಇಳಿಸುತ್ತಿದ್ದಾರೆ. ಹೊರಗೆ ಜಾಯಿಂಟ್ ವೀಲ್ ಸುಮ್ಮನೆ ನಿಂತಿದೆ. ಹಲಗೆಗಳ ಮೇಲೆ ಸುಟ್ಟ ಕಾಗದದ ಚೂರುಗಳು. ಕಡಲಹಕ್ಕಿಗಳು ತಿಂಡಿಯೆಂದು ಕುಕ್ಕಿ, ಮುನಿದು ಉಗುಳುತ್ತಿವೆ. ರಜೆಗೆ ಬಂದು ಕ್ಯಾರವಾನ್ ಪಾರ್ಕಿನಲ್ಲಿ ತಂಗಿದ ಕುಟುಂಬಗಳು ಹತ್ತಕ್ಕೆ ಊರಿಗೆ ಹೊರಡುತ್ತವೆ. ಅಷ್ಟರೊಳಗೆ ಅವರಿಗೆ ಮಾರಲು ನಲವತ್ತು ಪ್ರತಿ ಸಿದ್ಧವಾಗಬೇಕು.

"ಏನ್ ಗ್ಲೆನ್, ಇನ್ನೂ ಬದುಕಿದ್ದೀಯಾ?" ಪಕ್ಕದ ಚಿಪ್ಸ್ ಅಂಗಡಿಯ ಬಾಗಿಲೆತ್ತುತ್ತ ಕಾನ್ ಕೇಳುತ್ತಾರೆ.

"ನಿನ್ನ ಹಳೇ ಎಣ್ಣೆ ವಾಸನೆ ನೆಮ್ಮದಿಯಾಗಿ ಸಾಯೋಕೂ ಬಿಡಲ್ವಲ್ಲೋ."

ಬೇಸಿಗೆಯ ಪ್ರತಿ ಶನಿವಾರ ಹನ್ನೆರಡು ನಿಮಿಷ ಬಾಣಬಿರುಸು. ಗ್ಲೆನಿಸ್ ಮರಳಿನ ಮೇಲೆ ಮುಕ್ಕಾಲಿ ಊರಿ, ಕ್ಯಾಮೆರಾದ ಕಣ್ಣು ತೆರೆದಿಟ್ಟು, ಅದಕ್ಕೊಂದು ಕಪ್ಪು ರಟ್ಟು ಅಡ್ಡ ಹಿಡಿಯುತ್ತಾರೆ. ಬಾಣ ಮೇಲೇರುವ ಸದ್ದು ಕೇಳಿದೊಡನೆ ರಟ್ಟು ಸರಿಯುತ್ತದೆ, ಅರಳಿ ಮುಗಿಯುವಷ್ಟರಲ್ಲಿ ಮುಚ್ಚುತ್ತದೆ. ಒಂದೇ ಚಿತ್ರದಲ್ಲಿ ಮೂರು ಹೂವು. ರಾತ್ರಿಗೆ ಅರವತ್ತು ತೆಗೆದರೆ ನಿಲ್ಲುವುದು ನಾಲ್ಕು. "ಕಿವಿ ಕೆಟ್ಟರೆ ಈ ಕೆಲಸ ಮುಗೀತು. ಕಣ್ಣು ಆಮೇಲೆ," ಎನ್ನುತ್ತಾರೆ.

ಮೂವತ್ತೊಂಬತ್ತು ವರ್ಷದಲ್ಲಿ ಈ ಜೆಟ್ಟಿಯ ಬೆಳಕನ್ನು ಅವರಷ್ಟು ಸಲ ಹಿಡಿದವರಿಲ್ಲ. ಮೊದಲ ಇಪ್ಪತ್ತಾರು ವರ್ಷ ಜೆಟ್ಟಿಯ ತುದಿಯಲ್ಲಿ ಆ ಬಾಣಗಳಿಗೆ ಕಿಡಿ ಮುಟ್ಟಿಸುತ್ತಿದ್ದವರು ಅವರ ಗಂಡ ಮರ್ವ್. ವಾರವೆಲ್ಲ ಗೋಧಿ ಗೋದಾಮಿನಲ್ಲಿ ದುಡಿದು, ಶನಿವಾರ ಉರಿಯುವ ಉದ್ದ ಬತ್ತಿ ಹಿಡಿದು ಬಾಣ ತುಂಬಿದ ಕೊಳವೆಯಿಂದ ಕೊಳವೆಗೆ ಓಡುತ್ತಿದ್ದರು. ಹೆಚ್ಚು ಹೊತ್ತು ಕಣ್ಣು ತೆರೆದಿಟ್ಟು ತೆಗೆದ ಇಂಥ ಚಿತ್ರದಲ್ಲಿ ಓಡುವವರು ಮೂಡುವುದಿಲ್ಲ. ಅವರ ಕೈಯ ಬತ್ತಿ ಮಾತ್ರ ಕೆಳಗೊಂದು ಕೆಂಪು ಗೆರೆಯಾಗಿ ಬೀಳುತ್ತಿತ್ತು. ಗೆರೆ ಬಿದ್ದ ನೆಗೆಟಿವ್‌ಗಳನ್ನು ಗ್ಲೆನಿಸ್ ಒಲೆಗೆ ಹಾಕುತ್ತಿದ್ದರು. ತೊಂಬತ್ನಾಲ್ಕರಲ್ಲಿ ಪೋಸ್ಟ್‌ಕಾರ್ಡ್ ಮಾರುವವನೊಬ್ಬ ಕಣ್ತಪ್ಪಿ ಉಳಿದ ಅಂಥದೊಂದು ಗೆರೆಯ ನೆಪ ಹೇಳಿ ಇಡೀ ಕಂತೆಯನ್ನೇ ಹಿಂತಿರುಗಿಸಿದ.

"ಅವತ್ತು ಊಟದ ಮೇಜಲ್ಲಿ ಅಂದೆ, ನಿನ್ನ ಬತ್ತಿಯಿಂದ ನನ್ನ ಕೆಲಸ ಹಾಳಾಗ್ತಿದೆ ಅಂತ. ‘ಆಯ್ತು ಕಣೇ’ ಅಂದ. ಆಲೂಗಡ್ಡೆ ಈ ಕಡೆ ತಳ್ಳಿದ. ಅಷ್ಟೇ ಮಾತು."

ಮುಂದಿನ ಶನಿವಾರದಿಂದ ಗೆರೆ ಇರಲಿಲ್ಲ. ಸಂತೋಷವಾಯಿತು, ಹೇಗೆಂದು ಕೇಳಲಿಲ್ಲ. ಆದರೆ ಮರ್ವ್ ಅವರ ಕೋಟಿನ ಎಡತೋಳು ತಿಂಗಳಿಗೊಮ್ಮೆ ಸುಡತೊಡಗಿತು. "ಇಷ್ಟು ವರ್ಷ ಇಲ್ಲದ್ದು ಈಗ ಯಾಕೋ ದಡ್ಡ ಅಂತ ಬೈದು ಬೈದು ತೇಪೆ ಹಾಕಿದೆ. ಗಾಳಿ ಅಂತಿದ್ದ." ಎರಡು ವರ್ಷದ ಹಿಂದೆ ಮರ್ವ್ ತೀರಿಕೊಂಡಾಗ, ಚರ್ಚಿನಂಗಳದಲ್ಲಿ, ಜೊತೆಗೆ ಬಾಣ ಹಚ್ಚುತ್ತಿದ್ದವನೊಬ್ಬ ನಿಜ ಹೇಳಿದ: ಹೆಂಡತಿಯ ಕ್ಯಾಮೆರಾಕ್ಕೆ ಕಾಣದಿರಲೆಂದು ಮರ್ವ್ ಬತ್ತಿಯನ್ನು ಮೈಯಿಂದ ಮರೆಮಾಡಿ, ಕಡಲ ಕಡೆಗೆ ಹಿಡಿದು ಓಡುತ್ತಿದ್ದರು.

"ನನ್ನ ಮಾತು ಕೇಳಿಬಿಟ್ಟ. ಅದೇ ನೋಡಿ," ಎಂದು ಗ್ಲೆನಿಸ್ ಕಾಗದ ಜೋಡಿಸುತ್ತಾರೆ. ಶವಪೆಟ್ಟಿಗೆಯ ಮೇಲಿಡಲು ಅಪ್ಪ ಕೆಲಸದಲ್ಲಿರುವ ಫೋಟೋ ಕೊಡು ಎಂದು ಮಗಳು ಕೇಳಿದ್ದಳಂತೆ. "ಅವನ ಕೆಲಸದ್ದೇ ಹನ್ನೊಂದು ಸಾವಿರ ಫೋಟೋ ಇತ್ತು. ಅವನೊಬ್ಬ ಇರಲಿಲ್ಲ. ಡ್ರೈವಿಂಗ್ ಲೈಸೆನ್ಸಿನ ಮುಖಾನೇ ದೊಡ್ಡದು ಮಾಡಿ ಇಟ್ವಿ."

ಅಂದಿನಿಂದ ದಿನಾ ಬೆಳಿಗ್ಗೆ ಮುದ್ರಣ ಮುಗಿದ ಮೇಲೆ ಹಳೆಯ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ಆ ಗೆರೆಗಾಗಿ ಹುಡುಕಿದ್ದಾರೆ. ಕಳೆದ ತಿಂಗಳು ಒಂದು ಸಿಕ್ಕಿತು. ಮಗಳ ಹುಟ್ಟುಹಬ್ಬದ ಫಿಲ್ಮ್ ಸುರುಳಿಯ ತುದಿಯಲ್ಲಿದ್ದುದರಿಂದ ಒಲೆಗೆ ಹೋಗದೆ ಉಳಿದದ್ದು. ಅಂದು ರಟ್ಟು ಮುಚ್ಚಲು ಮರೆತಿದ್ದರು. ಮುದ್ರಿಸಿ ನೋಡಿದರೆ ಆಕಾಶವೆಲ್ಲ ಬೆಳ್ಳಗೆ ಸುಟ್ಟಿದೆ. ಕೆಳಗೆ ಮಾತ್ರ ಕೆಂಪು ಗೆರೆ ಎಡದಿಂದ ಬಲಕ್ಕೆ ಸ್ಪಷ್ಟವಾಗಿ ಹರಿದು, ಒಂದು ಕಡೆ ಸಣ್ಣ ಗಂಟಾಗಿದೆ.

"ಇಲ್ಲಿ ನಿಂತಿದ್ದಾನೆ. ಯಾಕೋ ಗೊತ್ತಿಲ್ಲ. ಉಸಿರು ತಗೊಂಡನೋ ಏನೋ."

ಜೆಟ್ಟಿಯ ತುದಿ ಶಿಥಿಲವಾಗಿದೆ. ಈ ಚಳಿಗಾಲದಲ್ಲಿ ಅದನ್ನು ಕೆಡವುತ್ತಾರೆ. ಬಾಣಬಿರುಸಿಗೂ ಇದೇ ಕೊನೆಯ ಬೇಸಿಗೆ. ಗ್ರಂಥಾಲಯದ ಗೋಡೆಗೆ ನೆನಪಿಗೊಂದು ಚಿತ್ರ ಕೊಡಿ ಎಂದು ಪುರಸಭೆ ಕೇಳಿದೆ. ಗ್ಲೆನಿಸ್ ಈ ಗೆರೆಯ ಚಿತ್ರವನ್ನೇ ಒಯ್ದು ತೋರಿಸಿದಾಗ ಅಲ್ಲಿನ ಹೆಣ್ಣುಮಗಳು ಮೆಲ್ಲಗೆ, "ಆಕಾಶವೇ ಕೆಟ್ಟಿದೆಯಲ್ಲ, ಬೇರೆ ಇದ್ದರೆ ನೋಡಿ," ಎಂದಳಂತೆ.

"ಬೇರೆ ಬೇಕಾದಷ್ಟಿವೆ. ಆದರೆ ಕೊಟ್ರೆ ಇದನ್ನೇ," ಎನ್ನುತ್ತಾರೆ ಗ್ಲೆನಿಸ್. "ಯಾರಾದ್ರೂ ಒಬ್ಬರು ಅದರ ಮುಂದೆ ನಿಂತು, ಕೆಳಗಿನ ಈ ಗೆರೆ ಏನು ಅಂತ ಕೇಳ್ಬೇಕು. ನನ್ನ ಗಂಡ ಅಂತೀನಿ."