ಮರುಳಸಿದ್ದಮ್ಮನವರು ನಿಲಯ ಬಿಟ್ಟುಕೊಟ್ಟದ್ದು

ಸಂಡೂರಿನಲ್ಲಿ ಮರುಳಸಿದ್ದಮ್ಮನವರ ಪ್ರಸಾದ ನಿಲಯ ಶುರುವಾದದ್ದು ಅವರ ಮನೆಯ ಪಡಸಾಲೆಯಲ್ಲೇ. ಗಂಡ ತೀರಿಕೊಂಡ ಮೇಲೆ, ಅದಿರು ಒಡೆಯಲು ಹೋಗುವವರ ಹೆಣ್ಣುಮಕ್ಕಳನ್ನು ಕರೆದು ಶರಣರ ಹೆಸರಿನಲ್ಲಿ ಊಟ ಹಾಕಿದರು, ಓದಿಸಿದರು, ಸಂಜೆ ವಚನ ಹೇಳಿಸಿದರು. ಆಮೇಲೆ ಟ್ರಸ್ಟ್ ಆಯಿತು, ಬೇರೆ ಕಟ್ಟಡವೂ ಆಯಿತು. ಆದರೂ ಸಾರಿನ ಉಪ್ಪಿನಿಂದ ಹಿಡಿದು ಯಾವ ಹುಡುಗಿ ಯಾವ ಕಾಲೇಜಿಗೆ ಎನ್ನುವವರೆಗೆ ಅವರದೇ ಮಾತು.

೨೦೦೭ರ ಸುಮಾರಿಗೆ ಹಗಲೂ ರಾತ್ರಿ ಅದಿರಿನ ಲಾರಿಗಳು ಓಡಿ, ಊರೆಲ್ಲ ಕೆಂಪು ಧೂಳು. ಅವರ ಉಬ್ಬಸ ಹೆಚ್ಚಿತು. ಮುಂದೆ ಯಾರು ಎಂದು ಯಾರೂ ಕೇಳಲಿಲ್ಲ. ಮೈದುನನ ಮಗ ಸಿದ್ದಲಿಂಗೇಶನೇ ಎಂದು ಎಲ್ಲರೂ ತಿಳಿದಿದ್ದರು. ಅವನದು ಲಾರಿ ವ್ಯವಹಾರ. ನಿಲಯಕ್ಕೆ ಅಕ್ಕಿ ಕಳಿಸುತ್ತಿದ್ದವನೂ ಅವನೇ. ಮರುಳಸಿದ್ದಮ್ಮನವರಿಗೆ ಮಾತ್ರ ಒಳಗೇ ಅಳುಕು. ಫೋನ್ ಬಂದರೆ ಊಟದ ನಡುವೆಯೇ ಎದ್ದುಹೋಗುವವನು ಮಕ್ಕಳ ಜ್ವರ, ಜಗಳ ನೋಡಿಯಾನೇ? ಬೇಡವೆಂದರೆ ಮನೆಮಂದಿಯ ಮುನಿಸು. ಅವರ ಮನಸ್ಸಿನಲ್ಲಿದ್ದವಳು ಶಾಂಭವಿ. ನಿಲಯದಲ್ಲೇ ಬೆಳೆದು ದೋಣಿಮಲೈ ಶಾಲೆಯಲ್ಲಿ ಟೀಚರ್ ಆಗಿದ್ದ ಅವಳು, ಭಾನುವಾರ ಬಂದಾಗಲೆಲ್ಲ ಅವರೊಂದಿಗೆ ವಾದಕ್ಕೆ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಸಿದ್ದಲಿಂಗೇಶನನ್ನು ಕರೆಸಿದರು. ಶಾಂಭವಿಯ ಹೆಸರು ಹೇಳಿ, ಅವನ ಮುಖ ನೋಡಲಾರದೆ ಕೂತರು.

“ದೊಡ್ಡವ್ವ, ಈ ಕೆಲಸ ನನಗ ವಹಿಸ್ತೀರೇನೋ ಅಂತ ಹೋದ ವರ್ಷದಿಂದ ನಿಮ್ಮ ಮುಂದ ಕುಂದ್ರಾಕ ಅಂಜಿಕಿ ಬರ್ತಿತ್ತು” ಎಂದ ಅವನು. “ನನ್ನ ಕೈಲೆ ಆಗಂಗಿಲ್ಲ. ಅಕ್ಕಿ ಮೊದ್ಲಿನಂಗ ಕಳಿಸ್ತೀನಿ.”

ಇಬ್ಬರಿಗೂ ನಗು ಬಂತು. ಅಂದು ಅವನು ಫೋನ್ ತೆಗೆಯದೆ ಕೂತು ಎರಡು ಸಲ ಚಹಾ ಕುಡಿದ.

ಶಾಂಭವಿ ಒಪ್ಪಿದಳು. ಆದರೆ ಒಂದು ಮಾತು ನಡೆಸಿಕೊಡಬೇಕೆಂದಳು. “ಅವ್ವಾರ, ನೀವು ಟ್ರಸ್ಟಿನ ಮೀಟಿಂಗಿಗೆ ಬರಬ್ಯಾಡ್ರಿ. ನೀವು ಕುಂತರ ಎಲ್ಲಾರೂ ನಿಮ್ಮ ಮುಖಾನ ನೋಡ್ತಾರ.”

ಮರುಳಸಿದ್ದಮ್ಮನವರಿಗೆ ಅದು ನಾಟಿತು. ಬಟ್ಟೆ ಕಟ್ಟಿಕೊಂಡು ಕಡ್ಡಿರಾಂಪುರದ ತಂಗಿಯ ಮನೆಗೆ ಹೊರಟರು. ಅಲ್ಲಿ ದಿನವೂ ಫೋನಿನ ಹತ್ತಿರ ಕೂರುತ್ತಿದ್ದರು. ತಾವಿಲ್ಲದೆ ಏನೋ ಕೆಟ್ಟಿರುತ್ತದೆ, ತಮ್ಮನ್ನು ಕೇಳಿಯೇ ಕೇಳುತ್ತಾರೆ ಎಂಬ ನಂಬಿಕೆ. ಕೊನೆಗೆ ಶಾಂಭವಿ ಫೋನ್ ಮಾಡಿದ್ದು ಸುದ್ದಿ ತಿಳಿಸಲು ಮಾತ್ರ. ಒಬ್ಬ ಹುಡುಗಿಗೆ ಟೈಫಾಯ್ಡ್ ಬಂದು, ಹೊಸಪೇಟೆಯಲ್ಲಿ ಆಸ್ಪತ್ರೆಗೆ ಸೇರಿಸಿ, ಗುಣವಾದ ಮೇಲೆ ಕರೆತಂದಾಗಿತ್ತು. ಪರೀಕ್ಷೆ ಹತ್ತಿರವಿದ್ದುದರಿಂದ ವಚನದ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದ್ದೂ ಆಗಿತ್ತು.

ಯಾವುದಕ್ಕೂ ಅವರನ್ನು ಕೇಳಿರಲಿಲ್ಲ. ಎಲ್ಲ ಸರಿಯಾಗಿಯೇ ನಡೆದಿತ್ತು. ಮರುಳಸಿದ್ದಮ್ಮನವರು “ಚಲೋ ಆತು ಬಿಡವ್ವಾ” ಎಂದು ಫೋನಿಟ್ಟರು.

ಆ ಮಧ್ಯಾಹ್ನ ಊಟ ಮಾಡಿ, ಫೋನಿನ ಹತ್ತಿರ ಕೂರದೆ ಅಡ್ಡಾದವರಿಗೆ ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ತಂಗಿ ಎಬ್ಬಿಸಿರಲಿಲ್ಲ.